ಹಲಗೆಯ ಮೇಲಿನ ತೂಕ

"ಸಂಜೆಯೊಳಗೆ ಕಾರಣ ಹೇಳಿ. ಇಲ್ಲದಿದ್ರೆ ನಾಳೆಯಿಂದ ಜೌಗಿಗೆ ನಿಮ್ಮ ಮನೆಯವರು ಹೋಗೋದು ಬೇಡ, ಉದ್ದಣ್ಣ ಒಬ್ಬನೇ ಹೋಗಲಿ," ಎಂದು ಸಂಶೋಧನಾ ಕೇಂದ್ರದ ಮುಖ್ಯಸ್ಥರು ಕಾಗದವೊಂದನ್ನು ಗಂಡನ ಮೇಜಿನ ಮೇಲೆ ಹಾಕಿ ಹೋದರು. ಕಾಗದದಲ್ಲಿ ಎರಡು ಗೆರೆಗಳಿದ್ದವು. ಜೌಗು ನೆಲ ಇಷ್ಟು ಮೀಥೇನ್ ಬಿಡಬೇಕು ಎಂದು ಗಂಡನ ಕಂಪ್ಯೂಟರ್ ಹೇಳಿದ್ದು ಒಂದು; ಇಷ್ಟು ಬಿಡುತ್ತಿದೆ ಎಂದು ಹೆಂಡತಿ ಅಳೆದು ತಂದದ್ದು ಇನ್ನೊಂದು. ಮೊದಲ ಒಂದು ವರ್ಷ ಎರಡೂ ಜೋಡೆತ್ತಿನ ಹಾಗೆ ಹೋಗಿದ್ದವು. ಈಚೆಗೆ ಮೂರು ತಿಂಗಳಿಂದ ಅವಳದು ಮೇಲೆ ಮೇಲೆ ಹೋಗುತ್ತಿತ್ತು, ಅವನದು ಇದ್ದಲ್ಲೇ ಇತ್ತು.

ಮದುವೆಯಾದವರಿಗೆ ಇದೇನೂ ಹೊಸದಲ್ಲ. ಆದರೆ ಈ ಸಲ ಅವಳ ಮರ್ಯಾದೆ ನಡುವೆ ಸಿಕ್ಕಿಕೊಂಡಿತ್ತು. ಅವಳ ಜೊತೆ ಸರದಿಯ ಮೇಲೆ ಅಳೆಯುತ್ತಿದ್ದ ಸಹಾಯಕ ಉದ್ದಣ್ಣ ಹೋದ ದಿನ ಜೌಗು ತೆಪ್ಪಗಿರುತ್ತಿತ್ತು. ಅವಳು ಹೋದ ದಿನ ಮಾತ್ರ ಗುಳುಗುಳು ಎನ್ನುತ್ತಿತ್ತು. ಅಳೆಯುವ ಕೆಲಸಕ್ಕೆ ಬೇಕಾದದ್ದು ತಾಳ್ಮೆ. ಕೆಸರಿನ ಮೇಲೆ ಹಾಸಿದ ಹಲಗೆಯ ಮೇಲೆ ಕೂತು, ಡಬ್ಬವೊಂದನ್ನು ನೆಲಕ್ಕೆ ಬೋರಲು ಹಾಕಿ, ಒಳಗೆ ಸೇರುವ ಗಾಳಿಯನ್ನು ಯಂತ್ರ ಓದಿ ಮುಗಿಸುವವರೆಗೆ ಅಲ್ಲಾಡದೆ ಇರಬೇಕು. ಅಲ್ಲಾಡಿದರೆ ಹಲಗೆ ಕೆಸರನ್ನು ಒತ್ತುತ್ತದೆ, ಅಡಿಯಲ್ಲಿದ್ದ ಗುಳ್ಳೆಗಳೆಲ್ಲ ಎದ್ದು ಡಬ್ಬಕ್ಕೆ ನುಗ್ಗುತ್ತವೆ. "ನಿಮ್ಮಾಕೆ ಅಲ್ಲಿ ಕುಣೀತಾರೇನ್ರೀ?" ಎಂದು ಮುಖ್ಯಸ್ಥರು ಕೇಳಿಯೂ ಕೇಳಿದ್ದರು. ಅವಳ ಹಾಗೆ ಅಲ್ಲಾಡದೆ ಕೂರುವವರು ಆ ಕಟ್ಟಡದಲ್ಲೇ ಇರಲಿಲ್ಲ ಎಂಬುದು ಗಂಡನಿಗೆ ಚೆನ್ನಾಗಿ ಗೊತ್ತಿತ್ತು. ಜಗಳವಾದಾಗಲೂ ಅವಳು ಹಾಗೇ ಕೂರುತ್ತಿದ್ದಳು.

ಅವನು ಬಾಗಿಲು ಮುಂದೆ ಮಾಡಿಕೊಂಡು ಲೆಕ್ಕಕ್ಕೆ ಕೂತ. ನೀರಿನ ಮಟ್ಟ ಬದಲಿಸಿ ನೋಡಿದ, ಬಿಸಿಲು ಬದಲಿಸಿ ನೋಡಿದ, ಜೊಂಡು ಕೊಳೆಯುವ ವೇಗ ಬದಲಿಸಿ ನೋಡಿದ. ಕಂಪ್ಯೂಟರ್ ಜಗ್ಗಲಿಲ್ಲ. ಕೊನೆಗೆ ಇನ್ನೇನೂ ತೋಚದೆ, ಹಲಗೆಯ ಮೇಲೆ ಕೂತ ಹೆಂಡತಿಯ ತೂಕ ಎಂದು ಹೊಸದೊಂದು ಸಂಖ್ಯೆ ಸೇರಿಸಿದ. ಅದನ್ನು ವಾರ ವಾರಕ್ಕೆ ಒಂದಿಷ್ಟು ಏರಿಸುತ್ತ ಹೋದ. ಎರಡೂ ಗೆರೆಗಳು ಒಂದರ ಮೇಲೊಂದು ಬಂದು ಕೂತವು. ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. ಕಾಗದ ಹಿಡಿದುಕೊಂಡು ಕಟ್ಟಡದ ಹಿಂದಿನ ತೊಟ್ಟಿಯ ಹತ್ತಿರ ಓಡಿದ. ಆಗ ತಾನೇ ಜೌಗಿನಿಂದ ಬಂದಿದ್ದ ಅವಳು ಅಲ್ಲಿ ಬೂಟಿನ ಕೆಸರು ತೊಳೆಯುತ್ತಿದ್ದಳು.

"ನಿನ್ನ ತೂಕ ಈಗ ಎಷ್ಟು?"

"ಯಾಕೆ?"

"ಲೆಕ್ಕದ ಪ್ರಕಾರ ಮೂರು ತಿಂಗಳಲ್ಲಿ ಐದು ಕಿಲೋ ಜಾಸ್ತಿಯಾಗಿದೀಯ. ಆಗಿದೀಯಾ?"

ಅವಳು ನಲ್ಲಿ ನಿಲ್ಲಿಸಿದಳು. ದೊಗಳೆ ಅಂಗಿಗೆ ಕೈ ಒರೆಸಿಕೊಂಡಳು. "ಆಗಿದೀನಿ. ಐದನೇ ತಿಂಗಳು."

"ಯಾವುದರ ಐದನೇ ತಿಂಗಳು?"

ಅವಳು ಅಂಗಿಯನ್ನು ಹೊಟ್ಟೆಗೆ ಒತ್ತಿ ಹಿಡಿದು ತೋರಿಸಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ. ಎದುರುಬದುರು ಕೂತು ಉಣ್ಣುವ ಹೆಂಡತಿ ಬಸುರಿ ಎಂದು ತಿಳಿಯಲು ಈ ಮಹಾಶಯನಿಗೆ ಮೀಥೇನ್ ಬೇಕಾಯಿತು. ತಿಳಿದಾಗ ಮೊದಲು ಖುಷಿಯಾಯಿತು, ಹಿಂದೆಯೇ ನಾಚಿಕೆಯಾಯಿತು, ಆಮೇಲೆ ಎರಡೂ ಒಟ್ಟಿಗೇ ಆಗಿ ಅವನು ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟ.

"ನನಗ್ಯಾಕೆ ಹೇಳ್ಲಿಲ್ಲ?"

"ಹೋದ ಸಲ ಹೇಳಿದ್ನಲ್ಲ," ಎಂದಳು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋರ ಬಗ್ಗೆ ಕೇಳಿದೀನಿ. ನೀನು ಅದು ಕಾಲೇಜು ಸೇರೋ ವರ್ಷದವರೆಗೂ ಗೆರೆ ಎಳೆದೆ. ಹಲ್ಲು ಯಾವಾಗ, ನಡಿಗೆ ಯಾವಾಗ, ಎತ್ತರ ಎಷ್ಟು. ಗೋಡೆಗೆ ಬೇರೆ ಅಂಟಿಸಿದೆ. ಮೂರನೇ ತಿಂಗಳಲ್ಲಿ ಹೋಯ್ತು. ಆ ಕಾಗದ ಕಿತ್ತೋರು ಯಾರು?"

"ನೀನು."

"ಈ ಸಲ ದಿನಾ ಬೆಳಿಗ್ಗೆ ಎದ್ದು, ಇವತ್ತು ಇದೆ ಅಂತ ನೋಡ್ಕೊಂಡೆ. ಅಷ್ಟೇ. ನಾಳೆದನ್ನ ಯಾರೂ ಹೇಳೋದು ನನಗೆ ಬೇಕಿರ್ಲಿಲ್ಲ. ಕೆಲಸ ಮಾಡ್ಬಹುದು ಅಂತ ಡಾಕ್ಟ್ರು ಹೇಳಿದಾರೆ. ಹಲಗೆಗೆ ನನ್ನ ತೂಕ ತಟ್ಟತ್ತೆ ಅಂತ ಮಾತ್ರ ಹೊಳೀಲೇ ಇಲ್ಲ ನೋಡು, ದಡ್ಡಿ ನಾನು." ಭಯವಾಗಿತ್ತು ಅವಳಿಗೆ, ಇಷ್ಟು ತಿಂಗಳಿಂದಲೂ. ಅದೂ ಅವನಿಗೆ ಈಗಲೇ ಗೊತ್ತಾದದ್ದು.

ಅಷ್ಟರಲ್ಲಿ ಮುಖ್ಯಸ್ಥರು ಬಂದರು. "ಏನ್ರೀ, ಸಿಕ್ತಾ ಕಾರಣ?"

"ಸಿಕ್ತು ಸಾರ್. ಇವಳು ಕುಣಿದಿಲ್ಲ. ಹಲಗೆ ಮೇಲೆ ತೂಕ ಜಾಸ್ತಿಯಾಗಿ ಕೆಸರನ್ನ ಒತ್ತುತಾ ಇದೆ. ಈ ಮೂರು ತಿಂಗಳ ಇವಳ ಅಳತೆಗಳನ್ನ ತೆಗೆದುಬಿಡೋಣ. ಹಲಗೆ ಅಗಲ ಮಾಡಿಸಿದ್ರೆ ಮುಂದೆಯೂ ಇವಳೇ ಅಳೀಬಹುದು."

ಮುಖ್ಯಸ್ಥರು ಅವಳ ಕಾಲ ಬುಡದಲ್ಲಿದ್ದ ಬ್ಯಾಟರಿ, ಡಬ್ಬ, ಹಗ್ಗದ ಸುರುಳಿಗಳನ್ನು ಒಂದೊಂದಾಗಿ ನೋಡಿದರು. ಇಷ್ಟೆಲ್ಲ ಸಾಮಾನು ಹೇರಿಕೊಂಡು ಹೋದರೆ ಇನ್ನೇನಾಗುತ್ತದೆ ಎಂಬಂತೆ ತಲೆಯಾಡಿಸಿದರು. "ಸರಿ, ಇವರೇ ಹೋಗಲಿ. ಬಡಗಿಗೆ ಹೇಳ್ತೀನಿ. ಆದ್ರೆ ತೂಕ ಇನ್ನೂ ಎಷ್ಟು ಏರತ್ತೆ? ಇನ್ನೊಂದು ನಾಲ್ಕು ತಿಂಗಳಿಗೆ ನಿಮ್ಮ ಲೆಕ್ಕ ಏನು ಹೇಳತ್ತೆ?"

ನೂರು ವರ್ಷದಾಚೆ ಈ ಜೌಗು ಎಷ್ಟು ಗಾಳಿ ಬಿಟ್ಟೀತು ಎಂದು ಕೇಳಿದರೂ ದಶಮಾಂಶ ಸಮೇತ ಹೇಳುವ ಮನುಷ್ಯ ಅವನು. ಅವಳು ಅವನ ಬಾಯನ್ನೇ ನೋಡುತ್ತಿದ್ದಳು. ಅವನು ಕಾಗದವನ್ನು ಮಡಚಿ ಜೇಬಿಗಿಟ್ಟ. ಅವಳ ಕೈಯಿಂದ ಬೂಟು ತೆಗೆದುಕೊಂಡು ನಲ್ಲಿ ತಿರುಗಿಸಿದ.

"ಗೊತ್ತಿಲ್ಲ ಸಾರ್," ಎಂದ. "ದಿನಾ ಅಳೆದು ನೋಡ್ಬೇಕು."