ಸಾಹೇಬರು ಬರುವ ದಿನದ ಯೂನಿಫಾರ್ಮ್

ಇದನ್ನು ಓದಿ, ಕೈಮುಗಿಯುವ ಎಮೋಜಿ ಹಾಕಿ ಮುಂದಿನ ಮೆಸೇಜಿಗೆ ಹೋಗಬೇಡಿ... ಎರಡು ನಿಮಿಷ ಇಲ್ಲೇ ಕೂತಿರಿ.

ಕೊಪ್ಪಳ ಸೀಮೆಯ ಒಂದು ಸರ್ಕಾರಿ ಶಾಲೆ. ಹೈವೇ ಪಕ್ಕದಲ್ಲಿ ಹೊಸ ಕಟ್ಟಡ, ಸ್ಮಾರ್ಟ್ ಕ್ಲಾಸು, ಗೋಡೆ ತುಂಬ ಬಣ್ಣ...

ಸುತ್ತಲಿನ ಸಣ್ಣ ಸಣ್ಣ ಊರುಗಳ ಶಾಲೆಗಳನ್ನು ಮುಚ್ಚಿ, ಅಲ್ಲಿನ ಮಕ್ಕಳನ್ನೆಲ್ಲ ಈ ಒಂದೇ ದೊಡ್ಡ ಶಾಲೆಗೆ ಸೇರಿಸಿದ್ದರು.

ಒಳ್ಳೆಯ ಶಾಲೆ, ಒಳ್ಳೆಯ ಓದು, ಒಳ್ಳೆಯ ಕೆಲಸ... ಒಂದೇ ತಲೆಮಾರಿನಲ್ಲಿ ಬಡತನ ಮಂಗಮಾಯ! ಇಡೀ ದೇಶಕ್ಕೆ ಬರಲಿದ್ದ ಯೋಜನೆ ಅದು. ಕಾಗದದ ಮೇಲೆ ಎಷ್ಟು ಚೆಂದ ನೋಡಿ.

ಯೋಜನೆ ಹೇಗೆ ನಡೆದಿದೆ ಎಂದು ನೋಡಲು ದೆಹಲಿಯಿಂದ ಒಬ್ಬ ದೊಡ್ಡ ಅಧಿಕಾರಿ ಬಂದರು. ಹೆಸರು ನಾಗಭೂಷಣ, ನಮ್ಮ ಕನ್ನಡದವರೇ. ಯೋಜನೆ ಬರೆದವರಲ್ಲಿ ಅವರೂ ಒಬ್ಬರು.

ಬಡತನ ಅವರಿಗೂ ಹೊಸದಲ್ಲ... ತಾಯಿ ಕಲ್ಲಿನ ಕ್ವಾರಿಯಲ್ಲಿ ಜಲ್ಲಿ ಹೊತ್ತವರು. ಮಗ ಮನೆಯ ಹಿಂದೆಯೇ ಇದ್ದ ಒಂದು ಕೋಣೆಯ ಶಾಲೆಯಲ್ಲಿ ಕಲಿತು ಇಷ್ಟು ಮೇಲೆ ಬಂದಿದ್ದರು.

ಆ ಕಥೆಯನ್ನು ಪ್ರತಿ ಭಾಷಣದಲ್ಲೂ ಹೇಳುತ್ತಿದ್ದರು. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಶಾಲೆಯ ಗೇಟಿನಲ್ಲಿ ಮಕ್ಕಳು ಸ್ವಾಗತಕ್ಕೆ ನಿಂತಿದ್ದರು, ಕೈಯಲ್ಲಿ ಗುಲಾಬಿ ಹಿಡಿದು. ಗುಲಾಬಿ ಸಾಲದ್ದಕ್ಕೆ ಕೊನೆಯಲ್ಲಿದ್ದವರಿಗೆ ಕಾಂಪೌಂಡಿನ ದಾಸವಾಳವನ್ನೇ ಕಿತ್ತು ಕೊಟ್ಟಿದ್ದರು.

ಎಲ್ಲರಿಗಿಂತ ಕೊನೆಗೆ ನಿಂತವಳು ಹುಲಿಗೆವ್ವ. ಹೊಸ ಯೂನಿಫಾರ್ಮು, ತೋಳು ಮಾತ್ರ ಸ್ವಲ್ಪ ಉದ್ದ.

ಸಾಹೇಬರು ಹತ್ತಿರ ಬಂದಾಗ ಅವಳು ಕೈ ಚಾಚಿದಳು... ಕೈಯಲ್ಲಿ ಹೂವೇ ಇರಲಿಲ್ಲ!

ದಾಸವಾಳದ ದಳಗಳೆಲ್ಲ ಅವಳ ಕಾಲ ಬಳಿ ಬಿದ್ದಿದ್ದವು. ಕಡ್ಡಿಗೆ ಅಂಟಿದ ಹಳದಿ ಪುಡಿಯನ್ನೂ ಉಗುರಿನಿಂದ ಕೆರೆದು ತೆಗೆದಿದ್ದಳು. ನಡುವಿನ ಕಡ್ಡಿಯೊಂದೇ ನೆಟ್ಟಗೆ ಉಳಿದಿತ್ತು.

"ಏ ಹುಚ್ಚವ್ವಾ! ಸಾಹೇಬ್ರಿಗೆ ಕೊಡೋ ಹೂವು ಹಿಂಗ ಹರಿಯೋದೇನು?" ಹೆಡ್ ಮಾಸ್ತರರು ಗದರಿದರು.

ಹುಡುಗಿ ಹೆದರಿದಳು. "ಬೇಕಂತ ಹರಿದಿಲ್ರೀ ಸರ... ಹೂವು ಕೈಗೆ ಬಂದ್ರ ಬೆರಳು ಸುಮ್ನಿರಂಗಿಲ್ರೀ. ನಡುವಿನ ಕಡ್ಡಿಗೆ ಪೆಟ್ಟಾಗಿಲ್ಲ, ಬೇಕಾದ್ರ ನೋಡ್ರಿ..."

ನಾಗಭೂಷಣರಿಗೆ ಅರ್ಥವಾಗಲಿಲ್ಲ. "ಇದನ್ನೆಲ್ಲಿ ಕಲಿತೆಯಮ್ಮ?"

"ಹತ್ತಿ ಹೊಲದಾಗ್ರೀ. ಬೀಜದ ಹತ್ತಿಗೆ ಕ್ರಾಸಿಂಗ್ ಮಾಡ್ತೀವಿ. ಮಧ್ಯಾಹ್ನ ಮೊಗ್ಗಿನ ದಳ, ಪುಡಿ ಬಿಡಿಸಿ ಕಡ್ಡಿ ಅಷ್ಟ ಉಳಸೋದು, ಮರುದಿನ ಮುಂಜಾನೆ ಅದಕ್ಕ ಬ್ಯಾರೆ ಹೂವಿನ ಪುಡಿ ಹಚ್ಚೋದು. ಅದಕ್ಕ ಸಣ್ಣ ಕೈಯಾವ್ರೇ ಬೇಕಂತ್ರೀ."

"ಸೂಟಿ ಇದ್ದಾಗ ಹೋಗ್ತಾಳ ಸರ್, ಸೂಟಿ ಇದ್ದಾಗ ಅಷ್ಟ!" ಹೆಡ್ ಮಾಸ್ತರರು ನಡುವೆ ಬಾಯಿ ಹಾಕಿದರು.

ರಜೆಯಲ್ಲಿ ಮಾತ್ರ ಎಂಬುದನ್ನೇ ಸಾಹೇಬರು ನಂಬಿದರು. ಅವಳ ತಲೆ ಸವರಿ ಮುಂದೆ ಹೊರಟರು. ಹಿಂದಿನಿಂದ ಅವಳ ದನಿ ಕೇಳಿಸಿತು...

"ಸರ, ಮತ್ತ ಯಾವಾಗ ಬರ್ತೀರಿ?"

ಅವರಿಗೆ ಖುಷಿಯಾಯಿತು. "ಯಾಕಮ್ಮ? ನಾನು ಅಷ್ಟು ಇಷ್ಟವಾದೆನಾ?"

"ನೀವು ಬರೋ ದಿನ ಅಷ್ಟ ನಮ್ಮನ್ನ ಹೊಲದಿಂದ ಸಾಲಿಗೆ ಕರೀತಾರ್ರೀ... ಯೂನಿಫಾರ್ಮ್ ಕೊಡ್ತಾರ, ಸಂಜಿಗೆ ವಾಪಸ್ ಇಸ್ಕೊಂತಾರ."

ಹೆಡ್ ಮಾಸ್ತರರ ಮುಖ ಬಿಳಿಚಿಕೊಂಡಿತು. "ತಪ್ಪಾತ್ರೀ ಸರ್... ಮಕ್ಕಳು ಕಡಿಮಿ ಅಂದ್ರ ಇರೋ ಮಾಸ್ತರಗಳ್ನೂ ಬ್ಯಾರೆ ಕಡೆ ಹಾಕ್ತಾರ. ಬರೋ ಮಕ್ಕಳಿಗಾದ್ರೂ ಕಲಿಸೋರು ಬೇಕಲ್ರೀ, ನಾ ಏನು ಮಾಡ್ಲಿ?"

ಅಂದು ವೇದಿಕೆಯ ಮೇಲೆ ನಾಗಭೂಷಣರು ತಮ್ಮ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ ಕೂತುಬಿಟ್ಟರು. ತಾಯಿಯ ನೆನಪಾಗಿರಬೇಕು ಎಂದುಕೊಂಡು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ನಮ್ಮಲ್ಲಿ ಯಾವತ್ತೂ ಕೊರತೆಯಿಲ್ಲ ಬಿಡಿ.

ಮುಂದಿನ ವಾರ ಅವರು ಯಾರಿಗೂ ತಿಳಿಸದೆ ಮತ್ತೆ ಬಂದರು. ಕ್ಲಾಸಿನಲ್ಲಿ ಹುಲಿಗೆವ್ವ ಇರಲಿಲ್ಲ.

ದಾರಿ ಕೇಳಿಕೊಂಡು ಹತ್ತಿ ಹೊಲಕ್ಕೇ ಹೋದರು. ಮೊದಲು ಸಿಕ್ಕಿದ್ದು ಅವಳ ತಾಯಿ.

"ನಮ್ಮೂರಾಗ ಸಾಲಿ ಇದ್ದಾಗ ದಿನಾ ಹೋಗ್ತಿದ್ಲ್ರೀ ಯಪ್ಪಾ. ನಾ ಇಲ್ಲಿಂದ ಕೂಗಿದ್ರ ಕೇಳಸ್ತಿತ್ತು, ಅಷ್ಟು ಹತ್ರ..."

"ಈಗಿನ ಸಾಲಿ ಭಾಳ ಛಲೋ ಐತಂತ. ಆದ್ರ ಲಾರಿ ಓಡಾಡೋ ಆ ರೋಡ್ ದಾಟಿಸಿ ಹೆಣ್ಣ ಹುಡುಗಿನ್ನ ಒಬ್ಬಾಕಿನ್ನ ಹ್ಯಾಂಗ ಕಳಸ್ಲಿ? ಮನ್ಯಾಗ ಬಿಟ್ಟು ಬರಾಕೂ ಅಂಜಿಕಿ. ಅದಕ್ಕ ನನ್ ಜೋಡಿ ಕರ್ಕೊಂಡು ಬರ್ತೀನ್ರೀ."

ಜಲ್ಲಿ ಹೊರುತ್ತಿದ್ದ ತಮ್ಮ ತಾಯಿ ನಾಗಭೂಷಣರ ಕಣ್ಮುಂದೆ ಬಂದರು. ಮನೆಯ ಹಿಂದಿನ ಆ ಒಂದು ಕೋಣೆಯ ಶಾಲೆಯನ್ನು ಅಂದು ಯಾರಾದರೂ ಮುಚ್ಚಿದ್ದರೆ... ಅವರೂ ಇವತ್ತು ಕ್ವಾರಿಯಲ್ಲೇ ಇರುತ್ತಿದ್ದರು.

ಅಷ್ಟರಲ್ಲಿ ಹತ್ತಿ ಗಿಡಗಳ ನಡುವಿನಿಂದ ಹುಲಿಗೆವ್ವ ಓಡಿ ಬಂದಳು... ಲಂಗಕ್ಕೆ ಕೈ ಒರೆಸುತ್ತಾ, ಅಳು ನುಂಗುತ್ತಾ.

"ಸರ, ಇವತ್ತ ನೀವು ಬರ್ತೀರಂತ ನಂಗ ಯಾರೂ ಹೇಳಲೇ ಇಲ್ಲ! ಹೇಳಿದ್ರ ಜಳಕ ಮಾಡಿ ಸಾಲಿಗೆ ಬರ್ತಿದ್ನಲ್ರೀ... ಯೂನಿಫಾರ್ಮ್ ಮಾಸ್ತರ ಹತ್ರ ಐತಿ. ಈಗ ಕೇಳಿದ್ರ ಕೊಡ್ತಾರೇನ್ರೀ?"

ಆ ದೊಡ್ಡ ಅಧಿಕಾರಿ ಹೊಲದ ಬದುವಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು.

ಅತ್ತು ಏನು ಬಂತು?

ಆ ಊರಿನ ಶಾಲೆಯನ್ನು ಮತ್ತೆ ತೆರೆಯಿರಿ ಎಂದು ಅವರು ಮೇಲಿನವರಿಗೆ ಬರೆದರು. "ಮುಂದಿನ ಹಂತದಲ್ಲಿ ಪರಿಶೀಲಿಸಲಾಗುವುದು" ಎಂದು ಉತ್ತರ ಬಂತು.

ಕೆಲವು ತಿಂಗಳಲ್ಲಿ ಯೋಜನೆಯ ಪುಸ್ತಕ ಅಚ್ಚಾಯಿತು. ಹೊಳೆಯುವ ಮುಖಪುಟದಲ್ಲಿ ಸಾಹೇಬರು ಬಂದ ದಿನ ತೆಗೆದ ಫೋಟೋ, ಅದೇ ಯೂನಿಫಾರ್ಮಿನಲ್ಲಿ ನಗುತ್ತಿರುವ ಹುಲಿಗೆವ್ವ... ಕೆಳಗೆ ದಪ್ಪಕ್ಷರದಲ್ಲಿ "ಬಡತನ ಗೆದ್ದ ಬಾಲೆ".

ನೀವು ಇದನ್ನು ಓದುತ್ತಿರುವ ಈ ಹೊತ್ತಿನಲ್ಲೂ ಅವಳು ಹೊಲದಲ್ಲೇ ಇದ್ದಾಳೆ.

*

ಮಗು ನಡೆದು ತಲುಪಲಾಗದ ಶಾಲೆ ಎಷ್ಟೇ ದೊಡ್ಡದಿರಲಿ, ಆ ಮಗುವಿನ ಪಾಲಿಗೆ ಅದು ಮುಚ್ಚಿದ ಶಾಲೆಯೇ.

ನಿಮ್ಮೂರಿನ ಸಣ್ಣ ಶಾಲೆಗೆ ಬೀಗ ಬಿದ್ದ ದಿನ... ಅಲ್ಲಿ ಓದುತ್ತಿದ್ದ ಹೆಣ್ಣುಮಕ್ಕಳು ಎಲ್ಲಿಗೆ ಹೋದರು ಎಂದು ನೀವು ಯಾರನ್ನಾದರೂ ಕೇಳಿದ್ದೀರಾ?