ಮುಂಗಡ ಧನ್ಯವಾದ

ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ ಬ್ರಿಟನ್ನಿನ ಎಲ್ಲ ಮನೆಗಳಂತೆ ಸುಗಂಧಾ ಅವರ ಮನೆಗೂ ಭವಿಷ್ಯದ ಪುರವಣಿ ಬಂತು. ಅದರಲ್ಲಿ ಅಚ್ಚಾದದ್ದು ಈವರೆಗೆ ಒಮ್ಮೆಯೂ ತಪ್ಪಿಲ್ಲ. ಮುಖಪುಟದಲ್ಲಿ ಮುಂದಿನ ವರ್ಷದ ಮೂವರು ಪ್ರಧಾನಿಗಳ ಫೋಟೊ, ಒಳಗೆ ಮುಚ್ಚಲಿರುವ ಗ್ರಂಥಾಲಯಗಳು. ಕೊನೆಯ ಪುಟದಲ್ಲಿ ವಾಡಿಕೆಯಂತೆ, ಹೋರಾಡಿ ಸೋಲಲಿರುವವರಿಗೆ ಮುಂಗಡ ಧನ್ಯವಾದ.

"ನಿನ್ನ ಹೆಸರು ಬಂದೈತಿ ನೋಡ," ಎಂದು ಗಂಡ ವಿರೂಪಾಕ್ಷ ನಕ್ಕರು. "ನಮ್ಮ ಮಂದಿಯೊಳಗ ನೀನ ಮೊದಲನೇಕಿ. ಪೇಡೆ ಹಂಚೂಣೇನು?"

ಊರಿನ ಡಯಾಲಿಸಿಸ್ ಕೇಂದ್ರ ಉಳಿಸಲು ಸುಗಂಧಾ ಕೋರ್ಟಿಗೆ ಹೋಗುತ್ತಾರೆ, ಸೋಲುತ್ತಾರೆ, ಜೂನ್ ಕೊನೆಗೆ ಕೇಂದ್ರ ಮುಚ್ಚುತ್ತದೆ ಎಂದಿತ್ತು. ವಿರೂಪಾಕ್ಷ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವುದು ಅಲ್ಲಿಯೇ. ಹತ್ತಿರದ ಬೇರೆ ಯಾವ ಕೇಂದ್ರದಲ್ಲೂ ಜಾಗವಿಲ್ಲ.

"ನಾ ಕೋರ್ಟಿಗೆ ಹೋಗಂಗಿಲ್ರೀ," ಎಂದರು ಸುಗಂಧಾ. "ಇದೊಂದರ ಸುಳ್ಳಾಗ್ಲಿ. ಹೋಗಲಿಲ್ಲಂದ್ರ ಹೆಂಗ ಸೋಲಿಸ್ತಾರ, ನೋಡೇಬಿಡೂಣು."

"ಹೋಗಲಿಲ್ಲಂದ್ರ ಯಾವಾಗ ಮುಚ್ಚತಾರ?"

ಕೇಂದ್ರದ ಬಾಗಿಲಿಗೆ ಅಂಟಿಸಿದ್ದ ನೋಟಿಸಿನಲ್ಲಿ ಮಾರ್ಚ್ ಕೊನೆ ಎಂದಿದ್ದುದು ಇಬ್ಬರಿಗೂ ಗೊತ್ತಿತ್ತು. ಕೋರ್ಟಿನಲ್ಲಿ ಸೋತರೂ ಮೂರು ತಿಂಗಳು ಸಿಗುತ್ತಿತ್ತು.

ಸುಗಂಧಾ ಪರಿಚಯದ ವಕೀಲೆಯೊಬ್ಬರಿಗೆ ಫೋನ್ ಮಾಡಿದರು. ವರ್ಷದ ಕೊನೆಯ ದಿನ, ಬಹುಶಃ ಎತ್ತಲಾರರು ಎಂದು ಆಸೆಪಟ್ಟರು.

ಮೊದಲ ರಿಂಗಿಗೇ ಅತ್ತಲಿಂದ ದಣಿದ ದನಿ ಕೇಳಿಸಿತು: "ಬನ್ನಿ, ಸುಗಂಧಾ. ಅರ್ಜಿ ಬರೆದಿಟ್ಟಿದ್ದೇನೆ. ನಿಮ್ಮ ಸಹಿಯೊಂದೇ ಬಾಕಿ."