ತೂತು ತೊಟ್ಟಿಯ ಲೆಕ್ಕ

ಪುಸ್ತಕದ ಲೆಕ್ಕಗಳನ್ನು ಉರು ಹೊಡೆದ ಮಕ್ಕಳು ಕಂಡರಿಯದ ಲೆಕ್ಕ ಎದುರಾದರೆ ಏನು ಮಾಡುತ್ತಾರೆಂದು ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ತಾವೇ ಕೂತು ಒಂದು ಲೆಕ್ಕ ಹೆಣೆದಿದ್ದರು. ತಳ ತೂತಾದ ತೊಟ್ಟಿ ತುಂಬಲು ಎಷ್ಟು ಕೊಡ ನೀರು ಹೊರಬೇಕು? ಪ್ರಶ್ನೆಪತ್ರಿಕೆಯೂ ಉತ್ತರವೂ ಅರಗಿನ ಮುದ್ರೆಯ ಲಕೋಟೆಯಲ್ಲಿ ಎರಡು ದಿನ ಮೊದಲೇ ಶಾಲೆ ಸೇರಿದ್ದವು.

ಪರೀಕ್ಷೆ ಮುಗಿಯುತ್ತಲೇ, ಶಾಲೆಗೆ ತಾವೇ ಬಂದಿದ್ದ ಸಾಹೇಬರು ಹಾಳೆಗಳನ್ನು ತಿರುವಿದರು. ಮೂವತ್ತು ಮಕ್ಕಳಲ್ಲಿ ಇಪ್ಪತ್ತೊಂಬತ್ತು ಮಂದಿ ಸರಿಯಾಗಿ ಮೂವತ್ತೊಂದು ಕೊಡ ಎಂದು ಬರೆದಿದ್ದರು. ಸಾಹೇಬರಿಗೆ ಸಂತೋಷದಿಂದ ಕಣ್ಣು ತುಂಬಿ ಬಂತು. ಕೊನೆಯ ಹಾಳೆ ಮಾತ್ರ ಖಾಲಿ.

"ಅಕಿ ದಡ್ಡಿ ಅದಾಳ್ರೀ ಸಾಹೇಬ್ರ, ಬಿಡ್ರಿ," ಎಂದು ಹೆಡ್‌ಮಾಸ್ತರರು ಅವಸರ ಮಾಡಿದರು.

ಸಾಹೇಬರು ಬಿಡಲಿಲ್ಲ. ಹುಡುಗಿಯನ್ನು ಹತ್ತಿರ ಕರೆದರು. "ಯಾಕವ್ವಾ, ಲೆಕ್ಕ ತಿಳೀಲಿಲ್ಲೇನು?"

"ತಿಳೀತ್ರೀ. ಆದ್ರ ತೊಟ್ಟಿ ಎಷ್ಟ್ ದೊಡ್ಡದೈತಿ ಅಂತ ಅದ್ರಾಗ ಬರ್ದಿಲ್ರೀ. ಎಷ್ಟ್ ಕೊಡ ಅಂತ ಹೆಂಗ ಹೇಳ್ಲಿ?"

ಸಾಹೇಬರು ಕನ್ನಡಕ ಏರಿಸಿ ಪ್ರಶ್ನೆಪತ್ರಿಕೆ ಓದಿದರು. ತಾವು ಬರೆದುಕೊಟ್ಟಿದ್ದ ತೊಟ್ಟಿಯ ಅಳತೆಯ ಸಾಲು ಅಚ್ಚಿನಲ್ಲಿ ಬಿಟ್ಟುಹೋಗಿತ್ತು. ಉಳಿದ ಹಾಳೆಗಳನ್ನು ಮತ್ತೆ ತಿರುವಿದರು. ಎಲ್ಲದರಲ್ಲೂ ಮೂವತ್ತೊಂದೇ. ಹೆಡ್‌ಮಾಸ್ತರರು ಕಿಟಕಿಯಾಚೆಯ ಬೇವಿನ ಮರವನ್ನು ಈಗಷ್ಟೇ ಕಂಡವರಂತೆ ನೋಡುತ್ತಿದ್ದರು.

"ಮತ್ತ ಉಳಿದವ್ರಿಗೆಲ್ಲ ಹೆಂಗ ಬಂತವ್ವಾ?"

ಹುಡುಗಿ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು.

"ನಿನ್ನೆ ನಂಗ ಜ್ವರ ಬಂದಿತ್ರೀ ಸಾಹೇಬ್ರ. ಸಾಲಿಗಿ ಬಂದಿದ್ದಿಲ್ಲ."